ಎಕ್ಸ್ ಆಕ್ಸಿಸ್ ಬ್ಯಾಕ್‌ಲ್ಯಾಶ್: ಬಾಲ್ ಸ್ಕ್ರೂ ಒರಿಜಿನಲ್ಲಾ, ತೈವಾನಾ, ಗ್ರೈಂಡಿಂಗಾ? ಬಾಳಿಕೆ ಬರುವುದು ಯಾವುದು?

ಪೀಣ್ಯ ಜಾಬ್‌ಶಾಪ್

ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಚಿಕ್ಕ ಜಾಬ್ ಶಾಪ್ ಇದೆ. ಎರಡು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಯಂತ್ರ), ಒಂದು ಟರ್ನಿಂಗ್ ಸೆಂಟರ್ (ಕಂಪ್ಯೂಟರ್ ನಡೆಸುವ ಲೇತ್). ಹಳೇ ವಿಎಂಸಿಯಲ್ಲಿ ಎಕ್ಸ್ ಆಕ್ಸಿಸ್ (ಟೇಬಲಿನ ಎಡ-ಬಲ ಚಲನೆ) ಬ್ಯಾಕ್‌ಲ್ಯಾಶ್, ಅಂದರೆ ದಿಕ್ಕು ಬದಲಿಸಿದಾಗಿನ ಸಡಿಲ, 0.06 ಮಿಮೀ ಬರುತ್ತಿದೆ. ಬೋರ್ ಇಂಟರ್‌ಪೊಲೇಟ್ ಮಾಡಿದರೆ (ಕಟ್ಟರನ್ನು ಸುತ್ತಿಸಿ ದುಂಡು ತೂತು ಮಾಡಿದರೆ) ಓವಲ್ ಆಗುತ್ತದೆ, ದಿಕ್ಕು ಬದಲಾಗುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಮೆಟ್ಟಿಲು. ಸರ್ವೀಸ್‌ನವರು ಬಂದು ನೋಡಿ ಬಾಲ್ ಸ್ಕ್ರೂ (ಟೇಬಲನ್ನು ಓಡಿಸುವ, ನಟ್‌ನೊಳಗೆ ಬಾಲ್‌ಗಳಿರುವ ಸ್ಕ್ರೂ) ಪೂರ್ತಿ ಬದಲಾಯಿಸಬೇಕು ಎಂದರು. ಮೂರು ಕಡೆ ಕೊಟೇಶನ್ ತಗೊಂಡೆ. ಯಂತ್ರ ತಯಾರಕರದ್ದು ಬಲು ದುಬಾರಿ, ತೈವಾನ್ ಸ್ಕ್ರೂ ಅದರ ಅರ್ಧದ ಹತ್ತಿರ. ಮೂರನೆಯವರು ಹಳೇ ಸ್ಕ್ರೂನೇ ಗ್ರೈಂಡ್ ಮಾಡಿ ದೊಡ್ಡ ಬಾಲ್ ಹಾಕಿ ಕೊಡ್ತೀವಿ ಅಂತಾರೆ, ಅದು ಇನ್ನೂ ಕಡಿಮೆ. ದುಡ್ಡಿನ ಮುಖ ನೋಡಬಾರದು ಅಂತ ಗೊತ್ತು, ಆದರೆ ನೋಡದೆ ಇರೋಕೂ ಆಗಲ್ಲ. ಯಾವುದು ಬಾಳಿಕೆ ಬರುತ್ತದೆ ಹೇಳಿ.

ಪ್ಯಾರಾಮೀಟರ್ ಪ್ರಕಾಶ

ಯಂತ್ರಕ್ಕೆ ಫ್ಯಾನುಕ್ ಕಂಪನಿಯ ಕಂಟ್ರೋಲ್ ಇದ್ದರೆ 1851 ನಂಬರ್ ಪ್ಯಾರಾಮೀಟರ್‌ನಲ್ಲಿ ಬ್ಯಾಕ್‌ಲ್ಯಾಶ್ ಕಾಂಪೆನ್ಸೇಶನ್ (ಸಡಿಲವನ್ನು ಸರಿದೂಗಿಸುವ ಅಳತೆ) ಹಾಕಿ ಗುರು. ಅದಕ್ಕೇ ಕೊಟ್ಟಿರೋದು. ಸದ್ಯಕ್ಕೆ ಕೆಲಸ ನಡೆಯುತ್ತೆ.

ಹಳೇ ಫಿಟ್ಟರ್

ಪ್ರಕಾಶ, 0.01 ಇದ್ದರೆ ಹಾಕಪ್ಪ, ಬೇಡ ಅನ್ನಲ್ಲ. 0.06ಕ್ಕೆ ಹಾಕಿದರೆ ಡಯಲ್‌ನಲ್ಲಿ (ಮುಳ್ಳಿರುವ ಅಳತೆ ಗೇಜ್) ಸೊನ್ನೆ ಬರುತ್ತದೆ, ಕೆಲಸದಲ್ಲಿ ಬರಲ್ಲ. ಕ್ಲೈಂಬ್ ಮಿಲ್ಲಿಂಗ್‌ನಲ್ಲಿ (ಟೇಬಲ್ ಸರಿಯುವ ದಿಕ್ಕಿಗೇ ಕಟ್ಟರ್ ಹಲ್ಲು ಕತ್ತರಿಸುವಾಗ) ಕಟ್ಟರೇ ಟೇಬಲನ್ನು ಎಳೆದುಕೊಳ್ಳುತ್ತದೆ. ಆ ಸಂದು ಅಲ್ಲೇ ಇದೆಯಲ್ಲ, ಕಂಟ್ರೋಲ್‌ಗೆ ಏನು ಗೊತ್ತಾಗಬೇಕು?

ಯಜಮಾನ್ರೇ, ನೀವು ಮೂರು ಕೊಟೇಶನ್ ತಗೊಂಡಿದ್ದೀರಿ. ಹೋಗಿರುವುದು ಬಾಲ್ ಸ್ಕ್ರೂನೇ ಅಂತ ನೋಡಿದವರು ಯಾರು? ಬ್ಯಾಕ್‌ಲ್ಯಾಶ್ ಮೂರು ನಾಲ್ಕು ಕಡೆಯಿಂದ ಬರಬಹುದು. ನಟ್‌ನಲ್ಲಿ ಪ್ರೀಲೋಡ್ (ಮೊದಲೇ ಕೊಟ್ಟ ಬಿಗಿತ) ಹೋಗಿರಬಹುದು, ಸ್ಕ್ರೂ ತುದಿಯ ಸಪೋರ್ಟ್ ಬೇರಿಂಗ್ ಸವೆದಿರಬಹುದು, ಅದರ ಲಾಕ್‌ನಟ್ ಸಡಿಲವಾಗಿರಬಹುದು, ಮೋಟರನ್ನು ಸ್ಕ್ರೂಗೆ ಜೋಡಿಸುವ ಕಪ್ಲಿಂಗ್ ಜಾರುತ್ತಿರಬಹುದು.

ಹೀಗೆ ಮಾಡಿ. ಸ್ಕ್ರೂ ತುದಿ ಕಾಣುವ ಹಾಗೆ ಕವರ್ ಬಿಚ್ಚಿ. ತುದಿಯಲ್ಲಿ ಸೆಂಟರ್ ಹೋಲ್ ಇರುತ್ತದೆ. ಅದಕ್ಕೆ ಸ್ವಲ್ಪ ಗ್ರೀಸ್ ಹಚ್ಚಿ ಒಂದು ಸ್ಟೀಲ್ ಬಾಲ್ ಕೂರಿಸಿ. ಚಪ್ಪಟೆ ಮೂತಿಯ ಡಯಲ್ ಆ ಬಾಲ್ ಮೇಲೆ ನಿಲ್ಲಲಿ. ಮೈಕ್ರಾನ್ (0.001 ಮಿಮೀ) ಡಯಲ್ ಇದ್ದರೆ ಒಳ್ಳೆಯದು. ಆಮೇಲೆ ಹ್ಯಾಂಡ್‌ವೀಲ್‌ನಿಂದ ಎಕ್ಸ್ ಆಕ್ಸಿಸ್ ಆ ಕಡೆ ಈ ಕಡೆ 0.01 ಹೆಜ್ಜೆಯಲ್ಲಿ ಆಡಿಸಿ. ಸ್ಕ್ರೂ ತಿರುಗಬೇಕು, ಹಿಂದೆ ಮುಂದೆ ಹೋಗಬಾರದು. ದಿಕ್ಕು ಬದಲಿಸಿದಾಗಲೆಲ್ಲ ಮುಳ್ಳು ಮೂರ್ನಾಲ್ಕು ಗೆರೆ ಹಾರಿದರೆ ಬೇರಿಂಗ್ ಕಡೆ ನೋಡಿ. ಮುಳ್ಳು ಅಲುಗಾಡದೆ ನಿಂತು, ಟೇಬಲ್ ಮೇಲಿನ ಡಯಲ್ ಮಾತ್ರ ತಡವಾಗಿ ಹೊರಟರೆ ಆಗ ನಟ್. ಇದಕ್ಕೆ ಅರ್ಧ ಗಂಟೆ ಸಾಕು, ಖರ್ಚು ಏನೂ ಇಲ್ಲ.

ಒರಿಜಿನಲ್ ಮಾತ್ರ

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಯಂತ್ರ ಮಾಡಿದವರ ಹತ್ತಿರವೇ ತಗೊಳ್ಳಿ. ಅಗ್ಗಕ್ಕೆ ಹೋದವರೆಲ್ಲ ಎರಡು ಸಲ ದುಡ್ಡು ಕೊಟ್ಟಿದ್ದಾರೆ.

ಹೊಸೂರು ಮೇಂಟೆನೆನ್ಸ್

ಅರ್ಧ ಒಪ್ಪುತ್ತೇನೆ ಸರ್. ಆದರೆ ಯಂತ್ರ ತಯಾರಕರು ಬೇರಿಂಗ್ ಮಾಡುವುದಿಲ್ಲ, ಬಹಳ ಜನ ಬಾಲ್ ಸ್ಕ್ರೂನೂ ಮಾಡುವುದಿಲ್ಲ. ಎನ್‌ಎಸ್‌ಕೆ, ಟಿಎಚ್‌ಕೆ, ಹೈವಿನ್, ಪಿಎಂಐ, ಶಾಫ್ಲರ್ ಇಂಥವರಿಂದ ತಂದು ಕೂರಿಸಿರುತ್ತಾರೆ. ಡಬ್ಬದ ಮೇಲೆ ಯಂತ್ರ ತಯಾರಕರ ಪಾರ್ಟ್ ನಂಬರ್, ಒಳಗಿನ ಬೇರಿಂಗ್ ರಿಂಗ್ ಮೇಲೆ ಅಸಲಿ ತಯಾರಕರ ನಂಬರ್. ಆ ಒಳಗಿನ ನಂಬರನ್ನು ಪೂರ್ತಿ, ಕೊನೆಯ ಅಕ್ಷರದವರೆಗೂ ಬರೆದುಕೊಂಡು ಅಧಿಕೃತ ಡೀಲರ್ ಹತ್ತಿರ ಹೋದರೆ ಅದೇ ಮಾಲು ಕಡಿಮೆಗೆ ಸಿಗುತ್ತದೆ. ಜನ ಜಾರಿ ಬೀಳುವುದು ಆ ಕೊನೆಯ ಅಕ್ಷರಗಳಲ್ಲೇ.

ಸ್ಪಿಂಡಲ್ (ಟೂಲ್ ಹಿಡಿದು ತಿರುಗುವ ಶಾಫ್ಟ್) ಬೇರಿಂಗ್ ಉದಾಹರಣೆಗೆ ತಗೊಳ್ಳಿ. 7014 ಅಂದರೆ 70 ಮಿಮೀ ಬೋರ್, 110 ಹೊರಗಿನ ಅಳತೆ, 20 ಅಗಲ. ಅಂಗಡಿಯಲ್ಲಿ 7014 ಕೊಡಿ ಅಂದರೆ ಕೊಟ್ಟುಬಿಡುತ್ತಾರೆ. ಕಾಂಟ್ಯಾಕ್ಟ್ ಕೋನ (ಬಾಲ್ ರಿಂಗ್‌ಗೆ ತಾಗುವ ಓರೆ) 15 ಡಿಗ್ರಿಯಾ 25ರದ್ದಾ, ಪ್ರೀಲೋಡ್ ಲೈಟಾ ಮೀಡಿಯಮ್ಮಾ, ಮ್ಯಾಚ್ಡ್ ಸೆಟ್ಟಾ (ತಯಾರಕರೇ ಜೋಡಿ ಮಾಡಿದ್ದು) ಬಿಡಿಯಾ, ನಿಖರತೆಯಲ್ಲಿ ಪಿ4 ಗ್ರೇಡಾ? ಸಾಮಾನ್ಯ ಗ್ರೇಡ್‌ನಲ್ಲಿ ಈ ಸೈಜಿನ ಒಳ ರಿಂಗ್‌ನ ರನೌಟ್ (ತಿರುಗುವಾಗಿನ ಓಲಾಟ) 20 ಮೈಕ್ರಾನ್‌ವರೆಗೆ ಇರಬಹುದು. ಪಿ4ನಲ್ಲಿ 4 ಮೈಕ್ರಾನ್. ಶಾಫ್ಟ್ ಮೇಲೆ ಎರಡೂ ಒಂದೇ ಥರ ಕೂರುತ್ತವೆ, ಯಂತ್ರವೂ ತಿರುಗುತ್ತದೆ. ಬೋರಿಂಗ್ ಮಾಡಿದಾಗ ಬಣ್ಣ ಬಯಲಾಗುತ್ತದೆ.

ಬಾಲ್ ಸ್ಕ್ರೂನಲ್ಲೂ ಅಷ್ಟೇ. ಸಿ5 ಗ್ರೇಡ್ ಅಂದರೆ 300 ಮಿಮೀ ಉದ್ದಕ್ಕೆ 18 ಮೈಕ್ರಾನ್ ವ್ಯತ್ಯಾಸ, ಸಿ3 ಅಂದರೆ 8, ಸಿ7 ಅಂದರೆ 50. ಅಗ್ಗದ ಕೊಟೇಶನ್ ನೋಡಿದರೆ ಮೊದಲು ಗ್ರೇಡ್ ಕೇಳಿ. ಸಿ7 ರೋಲ್ಡ್ (ಒತ್ತಿ ಉರುಳಿಸಿ ಮಾಡಿದ) ಸ್ಕ್ರೂ ಕೊಟ್ಟು ತೈವಾನ್ ಅಂತ ಹೇಳಿದರೆ ಅದು ತೈವಾನಿನ ತಪ್ಪಲ್ಲ. ಸಿ5 ಗ್ರೌಂಡ್ (ಗ್ರೈಂಡ್ ಮಾಡಿ ಮಾಡಿದ) ತೈವಾನ್ ಸ್ಕ್ರೂ ಚೆನ್ನಾಗಿಯೇ ಇರುತ್ತದೆ. ನಮ್ಮ ಪ್ಲಾಂಟ್‌ನಲ್ಲಿ ಮೂರು ಶಿಫ್ಟ್ ಓಡುತ್ತಿವೆ.

ಪೀಣ್ಯ ಜಾಬ್‌ಶಾಪ್

ಹಳೇ ಫಿಟ್ಟರ್ ಸರ್, ನೀವು ಹೇಳಿದ ಹಾಗೆ ಬಾಲ್ ಇಟ್ಟು ನೋಡಿದೆವು. ಸ್ಕ್ರೂನೇ ಹಿಂದೆ ಮುಂದೆ ಹೋಗುತ್ತಿದೆ! 0.045ರ ಹತ್ತಿರ. ಲಾಕ್‌ನಟ್ ಬಿಗಿಯಾಗಿದೆ. ಮೋಟರ್ ಕಡೆಯ ಬೇರಿಂಗ್ ಹೌಸಿಂಗ್ ಬಿಚ್ಚಿಸಿದೆ. ಒಳಗೆ 7206 ಬಿ ಅಂತ ಬರೆದಿರುವ ಎರಡು ಬೇರಿಂಗ್ ಇವೆ. ಯಂತ್ರದ ಮ್ಯಾನ್ಯುವಲ್‌ನಲ್ಲಿ 30ಟಿಎಸಿ62ಬಿ ಅಂತಿದೆ. ಯಂತ್ರ ನಾನು ಸೆಕೆಂಡ್‌ಹ್ಯಾಂಡ್ ತಗೊಂಡಿದ್ದು, ಹಿಂದಿನವರು ಯಾರ ಹತ್ತಿರವೋ ರಿಪೇರಿ ಮಾಡಿಸಿರಬೇಕು. ಎರಡೂ ಒಂದೇನಾ?

ಹಳೇ ಫಿಟ್ಟರ್

ಸಿಕ್ಕಿತಲ್ಲ!

ಒಂದೇ ಅಲ್ಲ. ಎರಡಕ್ಕೂ ಬೋರ್ 30, ಹೊರಗೆ 62. ಅದಕ್ಕೇ ಕೂತಿದೆ. ಆದರೆ ಟಿಎಸಿ ಬೇರಿಂಗ್ ಬಾಲ್ ಸ್ಕ್ರೂಗೆ ಅಂತಲೇ ಮಾಡಿದ್ದು, ಕಾಂಟ್ಯಾಕ್ಟ್ ಕೋನ 60 ಡಿಗ್ರಿ. ಉದ್ದಕ್ಕೆ ಬರುವ ತಳ್ಳಾಟ ಎಳೆದಾಟ ತಡೆಯುವುದೇ ಅದರ ಕೆಲಸ. ಒಳಗೆ ಬಾಲ್‌ಗಳೂ ಜಾಸ್ತಿ. 7206 ಬಿ ಸಾಮಾನ್ಯ ಬೇರಿಂಗ್, 40 ಡಿಗ್ರಿ, ಪಂಪಿಗೂ ಗೇರ್‌ಬಾಕ್ಸಿಗೂ ಹಾಕುವಂಥದ್ದು. ಅದರಲ್ಲಿ ತಪ್ಪೇನಿಲ್ಲ, ಜಾಗ ಮಾತ್ರ ಅದರದ್ದಲ್ಲ. ಇನ್ನೊಂದು ನೋಡಿ. 7206ರ ಅಗಲ 16, ಟಿಎಸಿಯದ್ದು 15. ಎರಡು ಹಾಕಿದರೆ 2 ಮಿಮೀ ಹೆಚ್ಚಾಗಬೇಕು. ಸ್ಪೇಸರ್ (ಅಂತರ ಕೊಡುವ ಬಳೆ) ತೆಗೆದು ನೋಡಿ, ತೇಯ್ದಿರುತ್ತಾರೆ.

ಪೀಣ್ಯ ಜಾಬ್‌ಶಾಪ್

ಹೌದು ಸರ್, ತೇಯ್ದಿದ್ದಾರೆ. ಅದೂ ಬೆಂಚ್ ಗ್ರೈಂಡರ್‌ನಲ್ಲಿ ಅಂತ ಕಾಣುತ್ತದೆ. ಸರ್ಫೇಸ್ ಪ್ಲೇಟ್ ಮೇಲೆ ಇಟ್ಟರೆ ಟಕ ಟಕ ಅಂತ ಆಡುತ್ತದೆ.

ಹೊಸೂರು ಮೇಂಟೆನೆನ್ಸ್

ಅಯ್ಯೋ. ಸ್ಪೇಸರ್ ಮುಖಗಳು ಸಮಾನಾಂತರ ಇಲ್ಲದಿದ್ದರೆ ಲಾಕ್‌ನಟ್ ಬಿಗಿದಾಗ ಬೇರಿಂಗ್ ಓರೆಯಾಗಿ ಕೂರುತ್ತದೆ. ಜಪಾನಿನ ಒಳ್ಳೇ ಬೇರಿಂಗ್ ಹಾಕಿದರೂ ಬಾಳುವುದಿಲ್ಲ. ಹೊಸ ಸ್ಪೇಸರ್ ಹಾರ್ಡನ್ ಮಾಡಿಸಿ ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ, ಎರಡೂ ಮುಖ ಒಂದಕ್ಕೊಂದು 2-3 ಮೈಕ್ರಾನ್ ಒಳಗೆ ಇರಲಿ. ಪೀಣ್ಯದಲ್ಲಿ ಇದ್ದುಕೊಂಡು ಗ್ರೈಂಡಿಂಗಿಗೆ ಪರದಾಡುವಂತಿಲ್ಲ ಬಿಡಿ.

ಬೇರಿಂಗ್ ಸೆಟ್ಟಾಗಿಯೇ ತಗೊಳ್ಳಿ. ಎರಡು ಬಿಡಿ ಬೇರಿಂಗ್ ತಂದು ಜೋಡಿ ಮಾಡಬೇಡಿ. ಮ್ಯಾಚ್ಡ್ ಸೆಟ್‌ನ ಹೊರ ರಿಂಗ್‌ಗಳ ಮೇಲೆ ಅಡ್ಡಕ್ಕೆ 'ವಿ' ಆಕಾರದ ಗೆರೆ ಹಾಕಿರುತ್ತಾರೆ. ಜೋಡಿಸಿದಾಗ ಅದು ಮುರಿಯದೆ ಪೂರ್ತಿ 'ವಿ' ಆಗಿ ಕಾಣಬೇಕು. ಬೆನ್ನಿಗೆ ಬೆನ್ನಾ, ಮುಖಕ್ಕೆ ಮುಖನಾ ಎನ್ನುವುದನ್ನು ಮ್ಯಾನ್ಯುವಲ್ ನೋಡಿಯೇ ಕೂರಿಸಿ. ಸುತ್ತಿಗೆಯಲ್ಲಿ ಬಡಿಯುವ ಹುಡುಗನನ್ನು ಆ ದಿನ ಟೀ ತರಲು ಕಳಿಸಿಬಿಡಿ. ಇಂಡಕ್ಷನ್ ಹೀಟರ್‌ನಲ್ಲಿ 80 ಡಿಗ್ರಿ ಆಸುಪಾಸು ಬಿಸಿ ಮಾಡಿದರೆ ತಾನಾಗೇ ಜಾರಿ ಕೂರುತ್ತದೆ.

ಒರಿಜಿನಲ್ ಮಾತ್ರ

ನೋಡಿ, ನಾನು ಹೇಳಿದ್ದೂ ಇದೇ ಅಲ್ವಾ. ಕಂಪನಿ ಪಾರ್ಟ್ ಹಾಕಿದ್ದರೆ ಇದು ಆಗುತ್ತಿರಲಿಲ್ಲ.

ಹಳೇ ಫಿಟ್ಟರ್

ನಿಜ. ಆದರೆ ನಿಮ್ಮ ಮಾತು ಕೇಳಿ ಕಂಪನಿ ಬಾಲ್ ಸ್ಕ್ರೂ ತರಿಸಿದ್ದರೆ, ಹೊಸ ಸ್ಕ್ರೂ ಈ 7206 ಮೇಲೇ ಕೂರುತ್ತಿತ್ತೋ ಏನೋ. ಹಳೇ ಪಾರ್ಟ್ ಯಾಕೆ ಸತ್ತಿತು ಅಂತ ತಿಳಿಯದೆ ಹೊಸದಕ್ಕೆ ಎಷ್ಟು ಕೊಟ್ಟರೂ ಅಷ್ಟೇ ಸ್ವಾಮಿ.

ಬೆಳಗಾವಿ ಕಾಸ್ಟಿಂಗ್

ನಮಸ್ಕಾರ್ರೀ. ಉದ್ಯಮಬಾಗ್‌ನಿಂದ ಬರೀತಿದ್ದೇನೆ. ನಮ್ಮದು ಪೂರ್ತಿ ಕಾಸ್ಟ್ ಐರನ್ ಕೆಲಸ, ಫೌಂಡ್ರಿಗಳ ಊರು ನೋಡ್ರಿ. ಇಲ್ಲಿ ಬಾಲ್ ಸ್ಕ್ರೂ, ಎಲ್‌ಎಂ ಗೈಡ್ (ಟೇಬಲ್ ಸರಿಯುವ ಹಳಿ, ಬ್ಲಾಕ್) ಹಾಳಾಗುವುದು ಬ್ರ್ಯಾಂಡಿನಿಂದ ಅಲ್ಲ, ಪುಡಿಯಿಂದ. ಕಾಸ್ಟ್ ಐರನ್ ಪುಡಿ ಹಿಟ್ಟಿನಂತೆ ಎಲ್ಲ ಕಡೆ ನುಗ್ಗುತ್ತದೆ. ಕೂಲೆಂಟ್ ಜೊತೆ ಸೇರಿದರೆ ಲ್ಯಾಪಿಂಗ್ ಪೇಸ್ಟೇ. ಅದಕ್ಕೆ ನಾವು ಎಲ್‌ಎಂ ಬ್ಲಾಕ್ ತರಿಸುವಾಗ ಡಬಲ್ ಸೀಲ್, ಸ್ಕ್ರೇಪರ್ ಇರುವುದನ್ನೇ ಕೇಳುತ್ತೇವೆ. ಬೆಲೆ ಸ್ವಲ್ಪ ಜಾಸ್ತಿ, ಆದರೆ ಬಾಳಿಕೆಯಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಇನ್ನೊಂದು, ಟೆಲಿಸ್ಕೋಪಿಕ್ ಕವರ್‌ನ (ಒಂದರೊಳಗೊಂದು ಸರಿಯುವ ಕವರ್) ವೈಪರ್, ಅಂದರೆ ಅಂಚಿನ ಒರೆಸುವ ಪಟ್ಟಿ. ಯಂತ್ರದಲ್ಲೇ ಅಗ್ಗದ ಭಾಗ ಅದು. ಕೈ ಬೆರಳು ಹಾಕಿ ಬಗ್ಗಿಸಿ ನೋಡ್ರಿ. ಗಟ್ಟಿಯಾಗಿ ಚೂರು ಚೂರು ಕಿತ್ತು ಬಂದರೆ ಅದರ ಆಯಸ್ಸು ಮುಗಿದಿದೆ. ಪಾಲಿಯುರಿಥೇನ್‌ನಲ್ಲೂ ಎರಡು ಥರ ಇದೆ. ಪಾಲಿಎಸ್ಟರ್ ಜಾತಿಯದ್ದು ನೀರು ಬೆರೆಸಿದ ಕೂಲೆಂಟ್‌ನಲ್ಲಿ ದಿನ ಹೋದಂತೆ ಪುಡಿಯಾಗುತ್ತದೆ, ಪಾಲಿಈಥರ್ ಜಾತಿಯದ್ದು ತಡೆಯುತ್ತದೆ. ಅಂಗಡಿಯವನಿಗೆ ಇದು ಗೊತ್ತಿರಲ್ಲ. ವೈಪರ್ ಮಾಡುವವರ ಡೇಟಾ ಶೀಟ್ ಕೇಳ್ರಿ.

ಪ್ಯಾರಾಮೀಟರ್ ಪ್ರಕಾಶ

ಎಣ್ಣೆ ಯಾವುದು ಹಾಕ್ತೀರಿ ಸರ್? ನಮ್ಮಲ್ಲಿ ಹೈಡ್ರಾಲಿಕ್ ಎಣ್ಣೆಯನ್ನೇ ಲೂಬ್ ಟ್ಯಾಂಕಿಗೂ ಸುರಿಯುತ್ತಾರೆ.

ಬೆಳಗಾವಿ ಕಾಸ್ಟಿಂಗ್

ಬೇಡ್ರೀ. ಹೈಡ್ರಾಲಿಕ್ ಪವರ್‌ಪ್ಯಾಕಿನ ಎಣ್ಣೆ 32 ಅಥವಾ 46 ಗ್ರೇಡ್ ಇರುತ್ತದೆ, ಸ್ಲೈಡಿಗೆ ತೆಳು. ನಾವು ಹಾಕುವುದು 68 ಗ್ರೇಡ್ ಸ್ಲೈಡ್‌ವೇ ಎಣ್ಣೆ. ಅದು ಲೋಹಕ್ಕೆ ಅಂಟಿಕೊಂಡಿರುತ್ತದೆ, ಕೂಲೆಂಟ್ ಟ್ಯಾಂಕಿಗೆ ಬಿದ್ದರೂ ಮೇಲೆ ತೇಲುತ್ತದೆ, ತೆಗೆದು ಹಾಕಬಹುದು.

ಎಣ್ಣೆ ಹಾಕಿದರೆ ಸಾಲದು, ತಲುಪುತ್ತದೆಯಾ ನೋಡಬೇಕು. ನಮ್ಮ ಒಂದು ಯಂತ್ರದಲ್ಲಿ ವೈ ಆಕ್ಸಿಸ್ ನಟ್ ಪದೇ ಪದೇ ಹೋಗುತ್ತಿತ್ತು. ಕವರ್ ಎತ್ತಿ ನೋಡಿದರೆ ನಟ್‌ಗೆ ಹೋಗುವ ನೈಲಾನ್ ಪೈಪ್ ಸಂದಿಯಲ್ಲಿ ಸಿಕ್ಕಿ ಚಪ್ಪಟೆಯಾಗಿತ್ತು. ಟ್ಯಾಂಕಿನಲ್ಲಿ ಎಣ್ಣೆ ಕಮ್ಮಿ ಆಗ್ತಾನೇ ಇತ್ತು, ಬೇರೆ ಪಾಯಿಂಟ್‌ಗಳಿಗೆ ಹೋಗುತ್ತಿತ್ತಲ್ಲ, ಅದಕ್ಕೆ ಯಾರಿಗೂ ಅನುಮಾನ ಬರಲಿಲ್ಲ. ಅಲಾರಂ ಕೂಡ ಇಲ್ಲ. ಈಗ ಒಂದೊಂದು ಪಾಯಿಂಟಿನ ಪೈಪೂ ಬಿಚ್ಚಿ, ಪಂಪ್ ಒತ್ತಿ, ತುದಿಯಲ್ಲಿ ಹನಿ ಬರುವುದನ್ನು ಕಣ್ಣಾರೆ ನೋಡಿಯೇ ಮುಚ್ಚುತ್ತೇವೆ.

ಮೈಸೂರು ಟೂಲ್‌ರೂಮ್

ಬೇರಿಂಗ್ ನಕಲಿ ಬಗ್ಗೆ ಯಾರೂ ಹೇಳಲಿಲ್ಲ. ನಮಗೆ ಒಮ್ಮೆ ಒಂದು ಅಂಗಡಿಯಿಂದ ಸ್ಪಿಂಡಲ್ ಬೇರಿಂಗ್ ಬಂತು. ಡಬ್ಬ ಥಳಥಳ, ರಿಂಗ್ ಮೇಲಿನ ಬರಹ ಮಾತ್ರ ಆಳವಾಗಿ, ಅಂಚು ಎದ್ದ ಹಾಗೆ ಇತ್ತು. ಅಸಲಿಯಲ್ಲಿ ಲೇಸರ್ ಬರಹ ಕೈಗೆ ಹೆಚ್ಚು ಸಿಗುವುದಿಲ್ಲ. ಆದರೆ ಈಗಿನ ನಕಲಿಗಳು ಅದನ್ನೂ ಚೆನ್ನಾಗಿ ಮಾಡುತ್ತಾರೆ, ಕಣ್ಣನ್ನು ನಂಬಬೇಡಿ. ಎಸ್‌ಕೆಎಫ್‌ನವರ ಅಥೆಂಟಿಕೇಟ್ ಆ್ಯಪ್ ಇದೆ, ಶಾಫ್ಲರ್‌ನವರ ಒರಿಜಿನ್‌ಚೆಕ್ ಇದೆ. ಡಬ್ಬ ಬಿಚ್ಚುವ ಮೊದಲೇ ನೋಡಿ, ಅನುಮಾನ ಇದ್ದರೆ ಫೋಟೋ ಕಳಿಸಿ. ಬಿಲ್ ಇಲ್ಲದೆ ಕೊಡ್ತೀನಿ, ಅಷ್ಟು ಕಮ್ಮಿ ಆಗುತ್ತೆ ಅಂದರೆ ಅಲ್ಲಿಂದ ಎದ್ದು ಬನ್ನಿ.

ಹೊಸೂರು ಮೇಂಟೆನೆನ್ಸ್

ಸ್ಪಿಂಡಲ್ ಬಗ್ಗೆ ಇನ್ನೊಂದು ಮಾತು. ಹಳೇ ಬೇರಿಂಗನ್ನು ಗುಜರಿಗೆ ಹಾಕುವ ಮೊದಲು ಬಿಡಿಸಿ ಟ್ರ್ಯಾಕ್ ನೋಡಿ. ಬಾಲ್‌ಗಳ ಅಂತರದಲ್ಲೇ ಒಂದೊಂದು ಗುಳಿ ಇದ್ದರೆ ಯಾರೋ ಡಿಕ್ಕಿ ಹೊಡೆಸಿದ್ದಾರೆ. ಗ್ರೀಸ್ ಹಾಲು ಬಣ್ಣಕ್ಕೆ ತಿರುಗಿ ಕೂಲೆಂಟ್ ವಾಸನೆ ಬಂದರೆ ಏರ್ ಪರ್ಜ್ (ಕೂಲೆಂಟ್ ಒಳಗೆ ಬಾರದಂತೆ ಊದುವ ಗಾಳಿ) ಕೆಲಸ ಮಾಡುತ್ತಿಲ್ಲ ಅಥವಾ ಸೀಲ್ ಹೋಗಿದೆ. ಟ್ರ್ಯಾಕ್ ಉದ್ದಕ್ಕೂ ಸಣ್ಣ ಅಡ್ಡ ಗೆರೆಗಳು ಸಾಲಾಗಿ ಕಂಡರೆ ಕರೆಂಟ್ ಬೇರಿಂಗ್ ಮೂಲಕ ಹರಿದಿದೆ, ಡ್ರೈವ್‌ನ (ಮೋಟರಿಗೆ ಕರೆಂಟ್ ಕೊಡುವ ಘಟಕದ) ಅರ್ತಿಂಗ್ ನೋಡಿಸಿ. ಈ ಮೂರಕ್ಕೂ ಸೆರಾಮಿಕ್ ಬೇರಿಂಗ್ ಹಾಕಿ ಅನ್ನುವ ಮಾರಾಟಗಾರರಿದ್ದಾರೆ. ಕರೆಂಟ್ ವಿಚಾರದಲ್ಲಿ ಸೆರಾಮಿಕ್, ಅಂದರೆ ಸಿಲಿಕಾನ್ ನೈಟ್ರೈಡ್ ಬಾಲ್ ನಿಜವಾಗಿ ಸಹಾಯ ಮಾಡುತ್ತದೆ. ಹೆಚ್ಚು ವೇಗಕ್ಕೂ ಒಳ್ಳೆಯದು, ತೂಕ ಸ್ಟೀಲಿನ ಅರ್ಧಕ್ಕಿಂತ ಕಡಿಮೆ. ಆದರೆ ಕೂಲೆಂಟ್ ಒಳಗೆ ಹೋಗುತ್ತಿದ್ದರೆ ಯಾವ ಬಾಲ್ ಹಾಕಿ ಏನು ಬಂತು?

ಗ್ರೀಸ್ ತುಂಬಿಸಬೇಡಿ ದಯವಿಟ್ಟು. ಖಾಲಿ ಜಾಗದ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬೇಡ. ಮೊದಲ ದಿನವೇ 8000 ಆರ್‌ಪಿಎಂಗೆ ಓಡಿಸಬೇಡಿ. ನಿಧಾನಕ್ಕೆ ಹೆಜ್ಜೆ ಹೆಜ್ಜೆಯಾಗಿ ಏರಿಸಿ, ಸ್ಪಿಂಡಲ್ ಮೂತಿಯ ಬಿಸಿ ನೋಡುತ್ತಾ ಇರಿ, ಏರುತ್ತಲೇ ಹೋದರೆ ನಿಲ್ಲಿಸಿ ತಣಿಸಿ ಮತ್ತೆ ಶುರು ಮಾಡಿ.

ಎಸ್.ಪಿ. ರೋಡ್ ಎಲೆಕ್ಟ್ರಿಷಿಯನ್

ಎಲ್ಲರೂ ಮೆಕ್ಯಾನಿಕಲ್ ಹೇಳ್ತಿದ್ದೀರಿ, ನನ್ನದೂ ಸ್ವಲ್ಪ ಇರಲಿ. ಡ್ರೈವ್ ಫ್ಯಾನ್ ಹೋದರೆ ಅಳತೆ ನೋಡಿ 24 ವೋಲ್ಟ್ ಫ್ಯಾನ್ ತಂದು ಹಾಕುತ್ತಾರೆ. ಆಮೇಲೂ ಫ್ಯಾನ್ ಅಲಾರಂ ಹೋಗಲ್ಲ ಅಂತ ಫೋನ್. ಆ ಫ್ಯಾನಿಗೆ ಮೂರು ವೈರ್. ಮೂರನೆಯದು ತಿರುಗುತ್ತಿದೆಯೋ ಇಲ್ಲವೋ ಎಂದು ಡ್ರೈವ್‌ಗೆ ಹೇಳುವ ವೈರ್. ಎರಡು ವೈರಿನ ಫ್ಯಾನ್ ಗಾಳಿ ಕೊಡುತ್ತೆ, ಸುದ್ದಿ ಕೊಡಲ್ಲ. ಕೆಲವರು ಆ ವೈರನ್ನೇ ಜಂಪರ್ ಮಾಡಿ ಅಲಾರಂ ಬಾಯಿ ಮುಚ್ಚಿಸುತ್ತಾರೆ. ಮುಂದಿನ ಬೇಸಿಗೆಯಲ್ಲಿ ಡ್ರೈವ್‌ಗೇ ಬೆಂಕಿ ಬೀಳುತ್ತೆ.

ಬ್ಯಾಟರಿ. ಹಳೇ ಫ್ಯಾನುಕ್ ಯಂತ್ರಗಳಲ್ಲಿ ಆಬ್ಸಲ್ಯೂಟ್ ಎನ್‌ಕೋಡರ್‌ಗೆ (ಆಕ್ಸಿಸ್ ಎಲ್ಲಿದೆ ಎಂದು ನೆನಪಿಡುವ ಸಾಧನ) ಪ್ರತ್ಯೇಕ ಡಬ್ಬಿಯಲ್ಲಿ ನಾಲ್ಕು ದೊಡ್ಡ ಡಿ ಸೈಜ್ ಸೆಲ್ ಇರುತ್ತವೆ. ಅದಕ್ಕೆ ಟಾರ್ಚಿಗೆ ಹಾಕುವ ಮಾಮೂಲಿ ಸೆಲ್ ಹಾಕಬೇಡಿ, ಅದು ಸೋರಿ ಡಬ್ಬಿಯ ಕಾಂಟ್ಯಾಕ್ಟನ್ನೇ ತಿಂದುಬಿಡುತ್ತದೆ. ಆಲ್ಕಲೈನ್ ಹಾಕಿ, ವರ್ಷಕ್ಕೊಮ್ಮೆ ಬದಲಾಯಿಸಿ. ಯಂತ್ರ ಆನ್ ಇರುವಾಗಲೇ, ಎಮರ್ಜೆನ್ಸಿ ಒತ್ತಿ, ಬದಲಾಯಿಸಬೇಕು. ಆಫ್ ಮಾಡಿ ತೆಗೆದರೆ 300 ನಂಬರ್ ಎಪಿಸಿ (ಆ ಎನ್‌ಕೋಡರ್‌ನ) ಅಲಾರಂ ಬರುತ್ತದೆ, ಹೋಮ್ ಪೊಸಿಷನ್ ಮರೆತಿರುತ್ತದೆ. ಪರದೆ ಮೇಲೆ 'ಬ್ಯಾಟ್' ಅಂತ ಮಿನುಗಲು ಶುರುವಾದ ದಿನವೇ ಪ್ಯಾರಾಮೀಟರ್ ಬ್ಯಾಕಪ್ ತೆಗೆದಿಡಿ.

ಪೀಣ್ಯ ಜಾಬ್‌ಶಾಪ್

ಟಿಎಸಿ ಸೆಟ್ ಹಾಕಿ, ಹೊಸ ಸ್ಪೇಸರ್ ಜೊತೆ ಜೋಡಿಸಿದೆವು. ಸ್ಕ್ರೂ ಈಗ ಹಿಂದೆ ಮುಂದೆ ಹೋಗುತ್ತಿಲ್ಲ. ಟೇಬಲ್‌ನಲ್ಲಿ 0.012 ಉಳಿದಿದೆ. ಅದನ್ನು 1851ರಲ್ಲಿ ಹಾಕಬಹುದಾ? ಬಾಲ್ ಸ್ಕ್ರೂ ಕೊಟೇಶನ್ ಸದ್ಯ ಡ್ರಾಯರ್‌ನಲ್ಲಿ ಇಟ್ಟಿದ್ದೇನೆ.

ಹಳೇ ಫಿಟ್ಟರ್

ಈಗ ಹಾಕಬಹುದು, ಪ್ರಕಾಶನಿಗೂ ಖುಷಿ. ಆದರೆ ಟೇಬಲಿನ ಮಧ್ಯದಲ್ಲಿ ಒಮ್ಮೆ, ಎರಡೂ ತುದಿಯಲ್ಲಿ ಒಂದೊಂದು ಸಲ ಅಳೆಯಿರಿ. ಮಧ್ಯದಲ್ಲಿ 0.012, ತುದಿಯಲ್ಲಿ 0.004 ಬಂದರೆ ವೈಸ್ (ಜಾಬ್ ಹಿಡಿಯುವ ಇಕ್ಕಳ) ಯಾವಾಗಲೂ ನಡುವೆ ಇಟ್ಟು ಅಲ್ಲೇ ಸ್ಕ್ರೂ ಸವೆದಿದೆ ಅಂತ ಅರ್ಥ. ಆಗ ಮಧ್ಯದ ಅಳತೆಯನ್ನು ಪೂರ್ತಿ ಹಾಕಬೇಡಿ, ತುದಿಯಲ್ಲಿ ಉಲ್ಟಾ ಹೊಡೆಯುತ್ತೆ. ವೈಸನ್ನು ಪಕ್ಕಕ್ಕೆ ಸರಿಸಿದರೆ ಇನ್ನಷ್ಟು ದಿನ ನಡೆಯುತ್ತದೆ.

ಮುಂದೆ ಸ್ಕ್ರೂ ಬದಲಿಸುವ ದಿನ ಬಂದಾಗ ಪ್ರೀಟೆನ್ಷನ್ ಇದೆಯಾ ಕೇಳಿ. ಎರಡೂ ತುದಿ ಹಿಡಿದು ಎಳೆದು ಕಟ್ಟಿದ ಸ್ಕ್ರೂ ಆಗಿದ್ದರೆ ಹೊಸದನ್ನೂ ಹಾಗೇ ಎಳೆದು ಕಟ್ಟಬೇಕು. ಸ್ಟೀಲ್ ಮೀಟರಿಗೆ ಒಂದು ಡಿಗ್ರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಸ್ಕ್ರೂ 5 ಡಿಗ್ರಿ ಏರಿದರೆ 60 ಮೈಕ್ರಾನ್ ಆಯಿತಲ್ಲ. ಕಟ್ಟಿದ ಮೇಲೆ ಲೇಸರ್‌ನಿಂದ ಅಳೆಸಿ ಪಿಚ್ ಎರರ್ ಕಾಂಪೆನ್ಸೇಶನ್ (ಸ್ಕ್ರೂ ಉದ್ದಕ್ಕೂ ಬರುವ ತಪ್ಪಿನ ತಿದ್ದುಪಡಿ) ಹೊಸದಾಗಿ ತುಂಬಿಸಿ, ಹಳೇ ಸ್ಕ್ರೂನ ಲೆಕ್ಕ ಹೊಸದಕ್ಕೆ ಬರಲ್ಲ. ಗ್ರೈಂಡಿಂಗ್ ಮಾಡಿಸುವುದು ತಪ್ಪಲ್ಲ, ಆದರೆ ಮೇಲಿನ ಗಟ್ಟಿ ಪದರ ಎಷ್ಟು ಉಳಿಯುತ್ತದೆ ಅಂತ ಬರೆದು ಕೊಡುವವರಿಗೆ ಮಾತ್ರ ಕೊಡಿ. ಟ್ರ್ಯಾಕ್‌ನಲ್ಲಿ ಚಕ್ಕೆ ಎದ್ದಿದ್ದರೆ ಹೊಸದೇ ತಗೊಳ್ಳಿ.

ಮೈಸೂರು ಟೂಲ್‌ರೂಮ್

ಪುಲ್ ಸ್ಟಡ್ ಮರೆತೇ ಹೋಯಿತು. ಬಿಟಿ40 (ಟೇಪರ್‌ನ ಒಂದು ಸೈಜ್) ಟೂಲ್ ಹೋಲ್ಡರ್ ಹಿಂದಿನ ಆ ಚಿಕ್ಕ ಬೋಲ್ಟ್. ಅದರಲ್ಲಿ 45, 60, 90 ಡಿಗ್ರಿ ಅಂತ ಬೇರೆ ಬೇರೆ ಬರುತ್ತವೆ. ಬೇರೆ ಯಂತ್ರದ ಹೋಲ್ಡರ್ ತಂದು ಹಾಗೇ ಹಾಕಿದರೆ ಹಿಡಿಯುವ ಗ್ರಿಪ್ಪರ್ ಮುರಿಯುತ್ತದೆ, ಇಲ್ಲವೇ ಓಡುವಾಗಲೇ ಟೂಲ್ ಹೊರಗೆ ಹಾರುತ್ತದೆ. ಪೆಟ್ಟು ತಿಂದ, ಕುತ್ತಿಗೆಯಲ್ಲಿ ಗೆರೆ ಬಿದ್ದ ಸ್ಟಡ್ ಇಟ್ಟುಕೊಳ್ಳಲೇಬೇಡಿ. ಇದರಲ್ಲಿ ಅಗ್ಗ ಹುಡುಕಬೇಡಿ. ಟೇಪರ್ ಮೇಲೆ ಕೆಂಪು ಕಂದು ಪುಡಿಯಂಥ ಕಲೆ ಕಾಣಿಸಿದರೆ ಹೋಲ್ಡರನ್ನು ಎಳೆದು ಹಿಡಿಯುವ ಡ್ರಾಬಾರ್ ಸ್ಪ್ರಿಂಗ್ ಸೋತಿರಬಹುದು, ಗೇಜ್ ಹಾಕಿ ಎಳೆತ ಅಳೆಸಿ.

ಪ್ಯಾರಾಮೀಟರ್ ಪ್ರಕಾಶ

ಕೊನೆಗೊಂದು ಪ್ರಶ್ನೆ. ನಮ್ಮ ಟರ್ನಿಂಗ್ ಸೆಂಟರ್ ಬಾಗಿಲಿನ ಗಾಜು ಮಸುಕಾಗಿ ಒಳಗೆ ಏನೂ ಕಾಣಲ್ಲ. ಹತ್ತಿರದಲ್ಲೇ ಅಕ್ರಿಲಿಕ್ ಕಟ್ ಮಾಡಿ ಕೊಡುತ್ತಾರೆ, ನೋಡೋಕೆ ಅದೇ ಥರ ಇದೆ. ಹಾಕಿಸಲಾ?

ಹೊಸೂರು ಮೇಂಟೆನೆನ್ಸ್

ಬೇಡ ಪ್ರಕಾಶ್. ಅದು ಬರೀ ಗಾಜಲ್ಲ, ಪಾಲಿಕಾರ್ಬೊನೇಟ್. ಜಾಬ್ ಹಿಡಿದು ತಿರುಗುವ ಚಕ್‌ನಿಂದ ಜಾ (ಅದರ ದವಡೆ) ಹಾರಿ ಬಂದರೆ ಬಗ್ಗಿ ತಡೆಯುವುದಕ್ಕೆ ಇರುವುದು. ಅಕ್ರಿಲಿಕ್ ಒಡೆದು ಚೂರಾಗುತ್ತದೆ. ಪಾಲಿಕಾರ್ಬೊನೇಟ್ ಕೂಡ ಕೂಲೆಂಟ್ ತಾಗಿ ತಾಗಿ ವರ್ಷಗಳಲ್ಲಿ ಬಲ ಕಳೆದುಕೊಳ್ಳುತ್ತದೆ, ಅದಕ್ಕೇ ಇಷ್ಟು ವರ್ಷಕ್ಕೆ ಬದಲಿಸಿ ಅಂತ ಮ್ಯಾನ್ಯುವಲ್‌ನಲ್ಲಿ ಬರೆದಿರುತ್ತಾರೆ. ಒಳಗಡೆ ಲ್ಯಾಮಿನೇಟೆಡ್ ಗಾಜಿನ ಪದರ ಇರುವ ಕಿಟಕಿ ಸಿಕ್ಕರೆ ಕೂಲೆಂಟ್ ನೇರವಾಗಿ ತಾಗುವುದಿಲ್ಲ, ಜಾಸ್ತಿ ದಿನ ಬರುತ್ತದೆ. ದಪ್ಪ ಎಷ್ಟಿತ್ತೋ ಅಷ್ಟೇ ಇರಲಿ, ಅಂಚು ಫ್ರೇಮಿನೊಳಗೆ ಎಷ್ಟು ಕೂತಿತ್ತೋ ಅದೂ ಅಷ್ಟೇ ಇರಲಿ. ಥಿನ್ನರ್ ಹಾಕಿ ಒರೆಸಬೇಡಿ, ಸೋಪು ನೀರು ಸಾಕು. ಅಳತೆ, ಚಕ್ ಸೈಜ್, ಗರಿಷ್ಠ ವೇಗ ಕಳಿಸಿ, ನಾವು ತರಿಸುವವರ ಹತ್ತಿರ ಬೆಲೆ ಕೇಳಿ ಹೇಳುತ್ತೇನೆ.

ಪ್ಯಾರಾಮೀಟರ್ ಪ್ರಕಾಶ

8 ಇಂಚ್ ಚಕ್, 4000 ವೇಗ. ಗಾಜಿನ ಅಳತೆ ಫ್ರೇಮ್ ಬಿಚ್ಚಿ ನಾಳೆ ಹಾಕ್ತೀನಿ ಸರ್. ಅಕ್ರಿಲಿಕ್‌ನವನಿಗೆ ಬೇಡ ಅಂತ ಈಗಲೇ ಫೋನ್ ಮಾಡ್ತೀನಿ, ಕಟ್ ಮಾಡಿಬಿಟ್ಟರೆ ಕಷ್ಟ.